ಗ್ರೋಮ್ಕಿಯ ಗೋರಿಯಲ್ಲಿ ಮಲಗಿದವಳು

ಕುದುರೆಗಳಿಗೆ ಮನುಷ್ಯರಿಗಿಂತ ಹೆಚ್ಚು ಹೊದಿಕೆ ಇದ್ದ ಒಂದು ಕಾಲದಲ್ಲಿ, ಬಿತ್ಯೂಗ್ ಹೊಳೆಯ ಆಚೆಗೆ, ಹುಲ್ಲಿಗೆ ಕೊನೆಯೇ ಇಲ್ಲದ ಬಯಲಿನಲ್ಲಿ ಒಬ್ಬ ದಣಿ ಇದ್ದನಂತೆ. ಅವನಿಗೆ ಹೆಂಡತಿ ಇದ್ದಳು, ಮಕ್ಕಳಿದ್ದರು, ನಮ್ಮಂಥ ಜೀತದವರ ಹಳ್ಳಿಗಳಿದ್ದವು. ಅವನು ಪ್ರೀತಿಸಿದ್ದು ಮಾತ್ರ ಒಂದು ಬೂದು ಗಂಡುಕುದುರೆಯನ್ನು.

ನಮ್ಮಜ್ಜಿ ಪೆಲಗೇಯಾ ಕಥೆ ಶುರುಮಾಡುತ್ತಿದ್ದುದು ಹೀಗೆ. ಬೇರೆಯವರ ಅಜ್ಜಿಯರು ಬೆಂಕಿಹಕ್ಕಿಯ ಕಥೆ ಹೇಳುತ್ತಿದ್ದರು, ಮಾತಾಡುವ ಮೀನಿನ ಕಥೆ ಹೇಳುತ್ತಿದ್ದರು. ನಮ್ಮಜ್ಜಿಯ ಹತ್ತಿರ ಇದ್ದದ್ದು ಇದೊಂದೇ. ನಾನು ದೊಡ್ಡ ಒಲೆಯ ಮೇಲಿನ ಬೆಚ್ಚನೆಯ ಜಾಗದಲ್ಲಿ ಮಲಗಿ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಕುದುರೆ ಹಿಮದ ಮೇಲೆ ಹಿಮದ ಹಾಗೆಯೇ ಬರುತ್ತಿತ್ತು. ಅದರ ಗೊರಸಿನಿಂದ ನಕ್ಷತ್ರ ಹಾರುತ್ತಿದ್ದವು. ಅಷ್ಟರಲ್ಲಿ ಅಜ್ಜಿ ಚಾಟಿಯ ವಿಷಯಕ್ಕೆ ಬಂದುಬಿಡುತ್ತಿದ್ದಳು. ನಕ್ಷತ್ರಗಳು ಆರಿಹೋಗುತ್ತಿದ್ದವು.

ಕುದುರೆಯ ಹೆಸರು ಗ್ರೋಮ್ಕಿ. ಗುಡುಗಿನ ದನಿಯವನು ಎಂದರ್ಥ. ದಣಿಗೆ ಇದ್ದದ್ದು ಒಂದೇ ಹುಚ್ಚು. ಅವನ ಕುದುರೆಗಳು ನಾಗಾಲೋಟ ಓಡಕೂಡದು. ಗಾಡಿಗೋ ಜಾರುಬಂಡಿಗೋ ಕಟ್ಟಿಸಿಕೊಂಡು, ಎಷ್ಟೇ ವೇಗವಾದರೂ, ಹೆಜ್ಜೆ ತಪ್ಪದ ಕುಕ್ಕುಲೋಟದಲ್ಲೇ ಹೋಗಬೇಕು. ನೆಗೆದರೆ ಸೋತಂತೆ. ಅದಕ್ಕಾಗಿ ತಳಿ ಕಟ್ಟಿದ. ತಂದೆಗೆ ಮಗಳನ್ನು ಕೂಡಿಸಿದ, ತಾಯಿಗೆ ಮಗನನ್ನು. ನೆಗೆದ ಮರಿಗಳನ್ನು ಹಿತ್ತಿಲಿಗೆ ಕರೆದೊಯ್ದು ಗುಂಡಿಕ್ಕಿ ಕೊಂದ. ಜೀತದವರನ್ನೂ ಹಾಗೆಯೇ ಜೋಡಿಸಿದ. ಎತ್ತರದ ಲಾಯದಾಳಿಗೆ ಎತ್ತರದ ಹುಡುಗಿ. ತೆಳ್ಳಗಿನ ಸಾರಥಿಗೆ ತೆಳ್ಳಗಿನವಳು. ಕುದುರೆಗಳನ್ನು ಕೇಳಿರಲಿಲ್ಲ, ಇವರನ್ನೇಕೆ ಕೇಳುತ್ತಾನೆ?

ಓಟದ ಹಾದಿಯನ್ನು ಮಟ್ಟ ಮಾಡಲು ಓಕ್ ಮರದ ದಿಮ್ಮಿ ಎಳೆಯಬೇಕಿತ್ತು. ಕುದುರೆಗಳ ಕಾಲು ಬೆಲೆಯುಳ್ಳದ್ದು. ಹೆಂಗಸರನ್ನು ಕಟ್ಟಿದರು. ಎದೆಗೆ ಅಡ್ಡವಾಗಿ ಚರ್ಮದ ಪಟ್ಟಿ. ಬಾಣಂತಿಯರ ಹಾಲು ಆ ಪಟ್ಟಿಗೆ ಸೋರಿ ಹುಳಿ ನಾತ ಬರುತ್ತಿತ್ತಂತೆ. ದಣಿ ಮೂಗಿಗೆ ಕರವಸ್ತ್ರ ಹಿಡಿದು ಹಾದುಹೋಗುತ್ತಿದ್ದನಂತೆ. ಸೂಕ್ಷ್ಮ ಮನುಷ್ಯ.

ಒಂದು ಫೆಬ್ರವರಿಯಲ್ಲಿ ಗ್ರೋಮ್ಕಿ ಸತ್ತ. ದಣಿ ಊಟ ಬಿಟ್ಟ. ಆಮೇಲೆ ಅಪ್ಪಣೆ ಮಾಡಿದ. ಓಟದ ಹಾದಿ ಸುತ್ತುವ ಬಯಲಿನ ನಟ್ಟನಡುವೆ ಮಣ್ಣು ಮಾಡಬೇಕು. ನಿಂತ ಹಾಗೆಯೇ. ಜರಿಯ ಹೊದಿಕೆ ಹೊದಿಸಿ, ಸರಂಜಾಮು ತೊಡಿಸಿ, ಮುಖ ಹಾದಿಯ ಕಡೆಗೆ.

ಫೆಬ್ರವರಿಯ ನೆಲ ಕಬ್ಬಿಣ. ಅಲ್ಲಿ ದಿನವಿಡೀ ಬೆಂಕಿ ಉರಿಸಿ, ಕರಗಿದಷ್ಟು ತೋಡಿ, ಮತ್ತೆ ಬೆಂಕಿ ಉರಿಸಬೇಕು. ದಣಿಯ ಕಾಡಿನ ಸೌದೆ ಮುಟ್ಟುವಂತಿಲ್ಲ. ಪ್ರತಿ ಗುಡಿಸಿಲಿನಿಂದ ಒಲೆಯ ಸೌದೆ ತರಿಸಿದರು. ಊರಿನ ಒಲೆಗಳೆಲ್ಲ ಆರಿದವು. ಫೆವ್ರೋನ್ಯಾ ಎಂಬ ಹೆಂಗಸಿನ ಬಾಗಿಲಿಗೆ ಪಾರುಪತ್ಯಗಾರ ಬಂದಾಗ ಅವಳು ಹೊಸಿಲಿನ ಮೇಲೆ ಕೂತಿದ್ದಳು. ಒಳಗೆ ಕೂಸು.

"ಏಳೇ, ಸೌದೆ ಎತ್ತು."

"ಎತ್ತಲ್ಲ."

"ದಣಿಗಳ ಅಪ್ಪಣೆ."

"ಸತ್ತ ಕುದುರೆಗೆ ಚಳಿ ಆಗಲ್ಲ. ನನ್ನ ಕೂಸಿಗೆ ಆಗುತ್ತೆ. ಹೋಗಿ ಹೇಳು ನಿನ್ನ ದಣಿಗೆ."

ಹೇಳಿದ. ನಮ್ಮ ಕಡೆ ಆಗ ಲಾಯಕ್ಕೆ ಕರೆದರು ಎಂದರೆ ಕುದುರೆ ತೊಳೆಯಲು ಕರೆದರು ಎಂದಲ್ಲ. ಚಾಟಿಯೇಟು ಕೊಡುತ್ತಿದ್ದುದು ಅಲ್ಲಿಯೇ. ಫೆವ್ರೋನ್ಯಾಳನ್ನು ಗ್ರೋಮ್ಕಿಯ ಖಾಲಿ ಅಂಕಣದಲ್ಲಿ ಗೂಟಕ್ಕೆ ಕಟ್ಟಿ ಹೊಡೆದರು. ಸತ್ತಳು. ಹೆಣವನ್ನು ಕೊಟ್ಟಿಗೆಯಲ್ಲಿ ಬಿಸಾಕಿ, ವಸಂತದಲ್ಲಿ ನೆಲ ಮೆತ್ತಗಾದ ಮೇಲೆ ನೋಡೋಣ ಎಂದರು.

ಮಣ್ಣಿನ ದಿನ ದಣಿ ಬಂದ. ಜಾರುಬಂಡಿಯ ಮೇಲೆ ಮರಗಟ್ಟಿದ್ದ ಕುದುರೆಯ ಕೊರಳು ತಬ್ಬಿ ಅತ್ತ. ಒಂದು ಹಿಡಿ ಮಣ್ಣು ಹಾಕಿದ. ಚಳಿಗೆ ಕಾಲು ಸೇದಿಹೋಯಿತು. ಉಳಿದದ್ದನ್ನು ಮುಗಿಸಿ ಎಂದು ಊಟಕ್ಕೆ ಹೊರಟುಹೋದ. ಪಾರುಪತ್ಯಗಾರ ಆಗಲೇ ಕುಡಿದು ಕವುಚಿ ಬಿದ್ದಿದ್ದ. ಗುಂಡಿ ಎದೆಮಟ್ಟ ಆಗಿತ್ತು. ನಿಂತ ಕುದುರೆಗೆ ಅದು ಸಾಲದು. ಮಲಗಿದ ಹೆಂಗಸಿಗೆ ಧಾರಾಳ.

ತೋಡಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಜಾರುಬಂಡಿಯನ್ನು ಕೊರಕಲಿನವರೆಗೆ ತಳ್ಳಿ ತಳಿಯ ಮೂಲಪುರುಷನನ್ನು ತೋಳಗಳಿಗೆ ಹಾಕಿದರು. ಫೆವ್ರೋನ್ಯಾಳನ್ನು ತಂದು, ಅದೇ ಜರಿಯ ಹೊದಿಕೆಯಲ್ಲಿ ಸುತ್ತಿ ಮಲಗಿಸಿದರು. ಸರಂಜಾಮಿನ ಚರ್ಮವನ್ನು ಕೊಯ್ದು ಹಂಚಿಕೊಂಡರು. ಆ ವರ್ಷ ಊರಿನ ಮಕ್ಕಳ ಕಾಲಿಗೆ ಚರ್ಮದ ಅಟ್ಟೆ ಇತ್ತಂತೆ. ವಸಂತದಲ್ಲಿ ಕರಿಯ ಅಮೃತಶಿಲೆ ಬಂತು, ಚಿನ್ನದ ಅಕ್ಷರದಲ್ಲಿ ಗ್ರೋಮ್ಕಿಯ ಹೆಸರು. ದಣಿ ಅದರ ಮುಂದೆ ಮಂಡಿಯೂರಿದ.

"ಯಾರಿಗೆ ಮಂಡಿಯೂರಿದ, ಹೇಳು?" ಎಂದು ಅಜ್ಜಿ ಕೇಳುತ್ತಿದ್ದಳು.

"ಫೆವ್ರೋನ್ಯಾಗೆ!" ಎಂದು ನಾನು ಒಲೆಯ ಮೇಲಿನಿಂದ ಕೂಗುತ್ತಿದ್ದೆ.

ಆ ಕೂಸು ಬದುಕಿತು. ನಾವು ಅದರ ಪೀಳಿಗೆ.

ಆ ದಣಿ ಕಟ್ಟಿದ ಕ್ರುತೋವೊ ಕುದುರೆ ಕೇಂದ್ರದ ಚರಿತ್ರೆ ಇಷ್ಟೇ. ಮಿಕ್ಕಿದ್ದು ಬಣ್ಣ. ಆ ದಣಿ ಹೋದ, ಅವನ ಮಗ ಬಂದ, ಮೊಮ್ಮಗ ಬಂದ. ಕ್ರಾಂತಿ ಬಂತು. ದಣಿಗಳನ್ನು ಓಡಿಸಿದರು. ಚರ್ಮದ ಕೋಟಿನ ನಿರ್ದೇಶಕ ಬಂದು, ಇನ್ನು ಮೇಲೆ ಇದು ದುಡಿಯುವವರ ಕೇಂದ್ರ ಎಂದು ಭಾಷಣ ಮಾಡಿ, ದುಡಿಯುವವರ ಕೈಗೆ ಸಲಿಕೆ ಕೊಟ್ಟು, ತಾನು ದಣಿಯ ಮನೆಯಲ್ಲಿ ಇಳಿದುಕೊಂಡ. ಸ್ಥಾಪನೆಯ ದಿನ ಅವನೂ ಕಲ್ಲಿಗೆ ಹೂವಿಟ್ಟ. ಅವನ ಕಾಲವೂ ಮುಗಿಯಿತು. ಈಗಿನ ಮಾಲೀಕ ಎದುವಾರ್ದ್ ವಲೆರ್ಯಾನೊವಿಚ್ ಮಾಸ್ಕೋದವನು. ಲಾಯಗಳಿಗೆ ಬಿಸಿ ನೆಲ ಹಾಕಿಸಿದ್ದಾನೆ. ನಮ್ಮ ಬೀದಿಯ ನೀರಿನ ಕೊಳವೆ ಚಳಿಗಾಲವೆಲ್ಲ ಹೆಪ್ಪುಗಟ್ಟಿರುತ್ತದೆ. ಅವನೂ ಹೂವಿಡುತ್ತಾನೆ. ಅತಿಥಿಗಳು ಟೋಪಿ ತೆಗೆದು ನಿಲ್ಲುವ ಪದ್ಧತಿ ಮಾತ್ರ ಯಾವ ಸರ್ಕಾರ ಬಂದರೂ ಹೋಗಲಿಲ್ಲ. ನಮ್ಮ ಸತ್ತವರಿಗೆ ಟೋಪಿ ತೆಗೆಯದವರು ಕುದುರೆಗೆ ತೆಗೆಯುತ್ತಾರೆ.

ಅಜ್ಜಿ ಬದುಕಿಡೀ ತಾಯಿಕುದುರೆಗಳ ಲಾಯದಲ್ಲಿ ದುಡಿದಳು. ಹೆರಿಗೆಯ ಹೊತ್ತಿಗೆ ತೋಳು ಒಳಗಿಟ್ಟು ಮರಿ ತಿರುಗಿಸಿದಳು. ಗೊಬ್ಬರ ಹೊತ್ತಳು. ಕೊನೆಗೆ ಬೆರಳು ಕವಲುಗೋಲಿನ ಹಿಡಿಗೆ ಬಾಗಿದ ಹಾಗೆಯೇ ನಿಂತುಬಿಟ್ಟವು. ಚಮಚ ಹಿಡಿಯಲು ಆಗುತ್ತಿರಲಿಲ್ಲ. ನಾನು ಓದಿದೆ. ಅದಕ್ಕೆ ನನಗೆ ಶುಭ್ರ ಕೆಲಸ ಸಿಕ್ಕಿತು. ಅತಿಥಿಗಳಿಗೆ ಕೇಂದ್ರದ ಚರಿತ್ರೆ ಹೇಳುವುದು. ದಣಿಗಳು ಕುದುರೆಗಳನ್ನು ಪ್ರೀತಿಸಿದರು, ಜನ ದಣಿಗಳನ್ನು ಪ್ರೀತಿಸಿದರು, ಎಂದು ಶುರುವಾಗುವ ಚರಿತ್ರೆ. ಮಧ್ಯಾಹ್ನ ಅದನ್ನು ಹೇಳಿ, ಸಂಜೆ ಮನೆಗೆ ಬಂದು ಅಜ್ಜಿಗೆ ಗಂಜಿ ಕುಡಿಸುತ್ತಿದ್ದೆ.

ಈ ಚಳಿಗಾಲ ಅಜ್ಜಿ ಹಾಸಿಗೆ ಹಿಡಿದಳು.

"ಉಸ್ತ್ಯಾ, ನನ್ನ ಅವಳ ಪಕ್ಕ ಹಾಕ್ಬೇಕು."

"ಎಲ್ಲಿ ಅಜ್ಜಿ?"

"ಗೊತ್ತಿಲ್ದೋರ ಥರ ಕೇಳ್ಬೇಡ. ಆ ಕರಿಕಲ್ಲಿನ ಬುಡದಲ್ಲಿ. ಹಾಕಿ, ಅವಳ ಹೆಸರು ಗಟ್ಟಿಯಾಗಿ ಹೇಳ್ಬೇಕು. ಹೂವು ಹಿಡ್ಕೊಂಡು ನಿಲ್ತಾರಲ್ಲ ಟೊಣಪರು, ಅವರ ಮುಂದೆ. ಇಷ್ಟು ವರ್ಷ ಯಾರಿಗೆ ತಲೆ ಬಗ್ಗಿಸಿದ್ವಿ ಅಂತ ಅವರಿಗೂ ಗೊತ್ತಾಗ್ಲಿ."

"ಅವರು ಬಿಡಲ್ಲ ಅಜ್ಜಿ."

"ಕೇಳೋಕೆ ಹೋಗು ಅಂದ್ನೇನೇ ನಾನು? ಮಾತು ಕೊಡು."

ಕೊಟ್ಟೆ. ಅಜ್ಜಿ ನನ್ನ ಮುಖ ನೋಡಿ, "ಕನಸು ಕಾಣ್ತಾ ಕೂರ್ಬೇಡ ಮತ್ತೆ," ಎಂದಳು. ಎರಡು ದಿನಕ್ಕೆ ತೀರಿಕೊಂಡಳು. ಸತ್ತ ಮೂರನೆಯ ದಿನ ಮಣ್ಣು ಮಾಡುವುದು ನಮ್ಮ ಪದ್ಧತಿ. ಆ ಮೂರನೆಯ ದಿನವೇ ಕೇಂದ್ರದ ಸ್ಥಾಪನೆಯ ಉತ್ಸವ ಬಿದ್ದಿತ್ತು.

ಬೇಡವೆಂದಿದ್ದರೂ ನಾನು ಕೇಳಲು ಹೋದೆ. ಓದಿದವಳಲ್ಲವೇ. ಕೇಳಿದರೆ ಕೊಡುತ್ತಾರೆ ಎಂಬ ರೋಗ.

ಎದುವಾರ್ದ್ ವಲೆರ್ಯಾನೊವಿಚ್ ಕನ್ನಡಿಯ ಮುಂದೆ ಉತ್ಸವದ ತುಪ್ಪಳದ ಕೋಟು ಹಾಕಿ ನೋಡಿಕೊಳ್ಳುತ್ತಿದ್ದ. ಹಳೆಯ ದಣಿಗಳ ಹಾಗೆ ಹೊಲಿಸಿದ್ದು.

"ಅಯ್ಯೋ, ಉಸ್ತೀನ್ಯಾ, ಪುಟ್ಟಿ. ಪಾಪ. ಒಳ್ಳೇ ಕೆಲಸದಾಕೆ. ಹೆದ್ದಾರಿ ಆಚೆ ಹೊಸ ಸ್ಮಶಾನ ಇದೆಯಲ್ಲ? ಟ್ರಾಕ್ಟರ್ ಕಳಿಸ್ತೀನಿ, ತಗೊಂಡು ಹೋಗಿ."

"ಅಜ್ಜಿ ಓಟದ ಹಾದಿ ನಡುವೆ, ಆ ಕಲ್ಲಿನ ಹತ್ರ ಕೇಳಿದ್ಲು."

ಅವನು ಕನ್ನಡಿಯಿಂದ ತಿರುಗಿದ. ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡ.

"ಅಲ್ಲಿ ಹಾಕೋದು ಕುದುರೆಗಳನ್ನ. ಅದೂ ಹೆಸರು ಮಾಡಿದ ಕುದುರೆಗಳನ್ನ. ನಿಮ್ಮಜ್ಜಿ ಯಾವ ಓಟ ಗೆದ್ದಿದ್ರಮ್ಮ?"

ಕೋಟಿಗೆ ಗುಂಡಿ ಹೊಲಿಯುತ್ತಿದ್ದ ದರ್ಜಿ ಕಿಸಕ್ಕನೆ ನಕ್ಕ.

"ನಾಳಿದ್ದು ಕಲ್ಲಿನ ಮುಂದೆ ನೀನೇ ಚರಿತ್ರೆ ಹೇಳ್ಬೇಕು. ಕರೀ ಬಟ್ಟೆ ಹಾಕ್ಕೊಂಡು ಬರ್ಬೇಡ. ಅತಿಥಿಗಳು ಬರ್ತಾರೆ."

ಮನೆಗೆ ಬಂದೆ. ನೆರೆಮನೆಯ ತೈಸ್ಯಾ ಅತ್ತೆ ಅಜ್ಜಿಯನ್ನು ತೊಳೆದು ಬೆಂಚಿನ ಮೇಲೆ ಮಲಗಿಸಿದ್ದಳು. ಬಾಗಿದ ಬೆರಳುಗಳನ್ನು ಎದೆಯ ಮೇಲೆ ಕೂಡಿಸಲು ಆಗದೆ ದಾರ ಸುತ್ತುತ್ತಿದ್ದಳು. ಲಾಳ ಹೊಡೆಯುವ ಕಪಿತೋನ್ ಮಾವ ಮೂಲೆಯಲ್ಲಿ ಕೂತಿದ್ದ. ಯಾವುದೋ ಹೆಸರು ಮಾಡಿದ ಕುದುರೆ ಒದ್ದು ಅವನ ಸೊಂಟ ಮುರಿದಿತ್ತು. ಕುದುರೆಗೆ ವಿಶ್ರಾಂತಿ ಕೊಟ್ಟಿದ್ದರು.

"ಕೇಳೋಕೆ ಹೋಗಿದ್ಯಂತೆ?" ಎಂದ ಕಪಿತೋನ್.

"ಹೂಂ."

"ಏನಂದ?"

"ಅಜ್ಜಿ ಯಾವ ಓಟ ಗೆದ್ದಿದ್ಲು ಅಂದ."

ತೈಸ್ಯಾಳ ಕೈ ದಾರದ ಮೇಲೆ ನಿಂತಿತು. ಕಪಿತೋನ್ ಎದ್ದ. ಅವನಿಗೆ ಏಳುವುದೇ ಒಂದು ಕೆಲಸ.

"ತೈಸ್ಯಾ, ನಿನ್ನ ಹಿತ್ಲಲ್ಲಿ ಹಳೇ ಟೈರು ಎಷ್ಟಿವೆಯೇ?"

"ನೀನು ಎತ್ಕೊಂಡು ಹೋಗುವಷ್ಟು ಇವೆ. ಯಾಕೆ?"

"ನೆಲ ಕರಗಿಸ್ಬೇಕಲ್ಲ."

ಮೂರನೆಯ ದಿನ ಬೆಳಕು ಹರಿಯುತ್ತಲೇ ಹೋದೆವು. ಕೇಂದ್ರದ ಬಾಗಿಲ ಕಾವಲಿಗೆ ನಿಂತಿದ್ದವನು ತೈಸ್ಯಾಳ ಅಳಿಯ.

"ಅತ್ತೆ, ಬೇಡ ಅತ್ತೆ. ನನ್ನ ಕೆಲಸ ಹೋಗುತ್ತೆ."

"ಇದು ಕೆಲಸವೇನೋ? ಕುದುರೆ ಮಲಗೋದನ್ನ ಕಾಯೋದು. ನನ್ನ ಮಗಳು ಮಲಗೋದನ್ನ ಒಂದಿನ ಕಾದಿದ್ದೀಯಾ? ಸರಿ ಆ ಕಡೆ."

ಸರಿದ. ಆಮೇಲೆ ತಾನೇ ಒಂದು ಗುದ್ದಲಿ ಎತ್ತಿಕೊಂಡು ಬಂದ.

ಕಲ್ಲಿನ ಬುಡದಲ್ಲಿ ಟೈರು ಉರಿಸಿದೆವು. ಕರಿಯ ಹೊಗೆ ಉತ್ಸವದ ಬಾವುಟಗಳ ಮೇಲೆ ಹೋಗಿ ಕೂತಿತು. ಕೆಮ್ಮಿದೆವು. ಮಸಿ ಮೂಗಿಗಿಳಿಯಿತು. ಒಂದು ಗೇಣು ಕರಗಿತು, ತೋಡಿದೆವು, ಮತ್ತೆ ಉರಿಸಿದೆವು. ಗುದ್ದಲಿ ಎಗರಿ ಮೊಣಕೈಯವರೆಗೆ ನಡುಗಿಸುತ್ತಿತ್ತು. ನನ್ನ ಶುಭ್ರ ಕೆಲಸದ ಅಂಗೈ ಒಡೆದು ಹಿಡಿ ಜಾರತೊಡಗಿತು. ತೈಸ್ಯಾ ತನ್ನ ತಲೆವಸ್ತ್ರ ಹರಿದು ಸುತ್ತಿದಳು. "ಅಳ್ಬೇಡ. ತೋಡು," ಎಂದಳು. ನಾನು ಅಳುತ್ತಿರಲಿಲ್ಲ. ಹೊಗೆ.

ಸೊಂಟದ ಆಳಕ್ಕೆ ಹೋದಾಗ ಮಣ್ಣಿನ ನಡುವೆ ಒಂದು ಕರಿಯ ಪದರ ಬಂತು. ಕಪಿತೋನ್ ಚೂರು ಎತ್ತಿ ಬೆರಳಲ್ಲಿ ಉಜ್ಜಿದ. ಇದ್ದಿಲು. ನಮ್ಮ ಟೈರಿನದಲ್ಲ. ಹಳೆಯ ಇದ್ದಿಲು. ಊರಿನ ಒಲೆಗಳಿಂದ ಕಿತ್ತುತಂದ ಸೌದೆ.

ಕಪಿತೋನ್ ಗುದ್ದಲಿ ಬಿಟ್ಟು ಸಲಿಕೆ ಹಿಡಿದ. ಅದನ್ನೂ ಬಿಟ್ಟು ಕೈ ಹಾಕಿದ. ಗುಂಡಿಯ ಕಲ್ಲಿನ ಕಡೆಯ ಮಗ್ಗುಲು ಕುಸಿಯಿತು. ಜರಿಯ ಎಳೆಗಳು ಕಂಡವು, ಮಣ್ಣು ಮೆತ್ತಿದ ಜೇಡರ ಬಲೆಯಂತೆ. ಅದರೊಳಗೆ ಎಲುಬು. ಎಲುಬಿನ ನಡುವೆ ಹಸಿರುಗಟ್ಟಿದ ಒಂದು ತಾಮ್ರದ ಶಿಲುಬೆ, ನಮ್ಮವರು ಕೊರಳಿಗೆ ಕಟ್ಟುವಂಥದು.

"ಕುದುರೆಗೆ ಶಿಲುಬೆ ಹಾಕ್ತಾರೇನೇ?" ಎಂದ ಕಪಿತೋನ್.

ತೈಸ್ಯಾ ಬಗ್ಗಿ ಪಾದದ ಎಲುಬುಗಳನ್ನು ನೋಡಿದಳು. ಚಿಕ್ಕ ಪಾದ. "ನೋಡ್ರೋ, ಎಷ್ಟು ಸಣ್ಣ ಗೊರಸು," ಎಂದಳು. ನಗಲು ಹೋಗಿ ಅತ್ತಳು.

ನಾನು ಈ ಕಥೆಯನ್ನು ಬೆಂಕಿಹಕ್ಕಿಯ ಕಥೆಯಂತೆಯೇ ನಂಬಿದ್ದೆ. ಎದ್ದು ಕೂತರೆ ಇರುವುದಿಲ್ಲ ಎಂದು ಗೊತ್ತಿದ್ದೂ ನಂಬುವ ಹಾಗೆ. ನಿಜವಾದರೆ ಸಂತೋಷವಾದೀತು ಅಂದುಕೊಂಡಿದ್ದೆ. ಆಗಲಿಲ್ಲ. ಸಿಟ್ಟು ಬಂತು. ಇಷ್ಟು ಸಣ್ಣ ಪಾದದವಳನ್ನು ಕುದುರೆಯ ಗೂಟಕ್ಕೆ ಕಟ್ಟಿದ್ದರು.

ಅಷ್ಟರಲ್ಲಿ ಎದುವಾರ್ದ್ ವಲೆರ್ಯಾನೊವಿಚ್ ಹಿಮದಲ್ಲಿ ಎಡವುತ್ತಾ ಓಡಿಬಂದ. ತುಪ್ಪಳದ ಕೋಟು ಮಂಡಿಗೆ ಸಿಕ್ಕುತ್ತಿತ್ತು.

"ಹುಚ್ಚು ಹಿಡಿದಿದ್ಯಾ ನಿಮಗೆ? ಪೊಲೀಸರನ್ನ ಕರೀತೀನಿ! ಗ್ರೋಮ್ಕಿಯ ಗೋರಿ ಅದು!"

"ಬನ್ನಿ ಸ್ವಾಮಿ," ಎಂದ ಕಪಿತೋನ್ ಗುಂಡಿಯೊಳಗಿಂದ. "ನಿಮ್ಮ ಗ್ರೋಮ್ಕಿಯನ್ನ ಮಾತಾಡಿಸಿ."

ಬಗ್ಗಿ ನೋಡಿದ. ನೋಡುತ್ತಲೇ ಇದ್ದ. ಅವನಿಗೆ ಕುದುರೆಯ ಎಲುಬು ಯಾವುದು, ಮನುಷ್ಯರದು ಯಾವುದು ಎಂದು ತಿಳಿಯದೆ ಇರಲಿಲ್ಲ. ಮುಖ ಬಿಳುಪಾಯಿತು, ಆಮೇಲೆ ಕೆಂಪಾಯಿತು. ಆಮೇಲೆ ಅವನು ಎಂದೂ ಇಲ್ಲದಷ್ಟು ಮೆತ್ತಗಾದ.

"ಉಸ್ತೀನ್ಯಾ, ಇಲ್ಲಿ ಬಾಮ್ಮ." ಪಕ್ಕಕ್ಕೆ ಕರೆದ. "ಕೇಳು. ಈ ಕೇಂದ್ರ ನಿಂತಿರೋದೇ ಈ ಕಲ್ಲಿನ ಮೇಲೆ. ಕುದುರೆ ಕೊಳ್ಳೋರು ಇದನ್ನ ನೋಡೋಕೆ ಬರ್ತಾರೆ. ನಿಮ್ಮಜ್ಜಿನ ಇಲ್ಲೇ ಹಾಕಿ. ಆಯ್ತಾ? ನಾನೇ ಆಳು ಕೊಡ್ತೀನಿ, ಬೇಗ ಮುಚ್ಚಿ. ಶಿಲುಬೆ ಬೇಡ. ಹೆಸರು ಬೇಡ. ನೀನು ಹೋಗಿ ಮುಖ ತೊಳ್ಕೊಂಡು, ಬಟ್ಟೆ ಬದಲಾಯಿಸ್ಕೊಂಡು ಬಂದು, ದಿನಾ ಹೇಳೋದನ್ನ ಹೇಳು. ಅಷ್ಟೇ."

ಅಜ್ಜಿಯ ಪೆಟ್ಟಿಗೆ ಹಾದಿಯ ಅಂಚಿಗೆ ಬಂದಿತ್ತು. ಬೀದಿಯ ಹೆಂಗಸರು ಉದ್ದನೆಯ ಕಸೂತಿ ಬಟ್ಟೆಗಳನ್ನು ಪೆಟ್ಟಿಗೆಯ ಕೆಳಗೆ ಹಾಯಿಸಿ, ಹೆಗಲಿಗೆ ಸುತ್ತಿ ಹೊತ್ತು ನಿಂತಿದ್ದರು. ಭಾರಕ್ಕೆ ಅವರ ಮುಖ ಬಿಗಿದಿತ್ತು. ನನ್ನನ್ನೇ ನೋಡುತ್ತಿದ್ದರು. ಹೂಂ ಎಂದರೆ ಅಜ್ಜಿಗೆ ಜಾಗ ಸಿಗುತ್ತಿತ್ತು. ತೈಸ್ಯಾಳ ಅಳಿಯನ ಕೆಲಸ ಉಳಿಯುತ್ತಿತ್ತು. ನನ್ನದೂ. ಕೊಟ್ಟ ಮಾತಿನ ಅರ್ಧ ನಡೆಯುತ್ತಿತ್ತು. ಒಂದು ಕ್ಷಣ ನನ್ನ ನಾಲಿಗೆ ಹೂಂ ಎನ್ನುವ ಜಾಗಕ್ಕೆ ಹೋಗಿಯೂ ಬಂತು.

"ಹೆಸರಿಲ್ದೆ ಹೂಳೋದಕ್ಕೆ ನಿಮ್ಮ ಅಪ್ಪಣೆ ಯಾಕೆ?" ಎಂದೆ. "ಅದನ್ನ ನಾವು ಇನ್ನೂರು ವರ್ಷದಿಂದ ಮಾಡ್ತಾನೇ ಇದ್ದೀವಿ."

"ಕೆಲಸ ಹೋಗುತ್ತೆ ನಿಂದು."

"ನಿಮ್ಮ ಸುಳ್ಳು ನೀವೇ ಹೇಳ್ಕೊಳ್ಳಿ. ನನ್ನ ಬಾಯಿ ನೋಯ್ತಿದೆ."

"ಕೃತಘ್ನರು," ಎಂದ. "ನಿಮಗೆಲ್ಲ ಅನ್ನ ಹಾಕಿದ್ದು ಈ ಕುದುರೆಗಳು ಕಣೇ."

ತೈಸ್ಯಾಗೆ ಅದು ಕೇಳಿಸಿತು. "ಅನ್ನ ನಾವು ಹಾಕಿದ್ದು ಸ್ವಾಮಿ, ಕುದುರೆಗಳಿಗೆ. ತಿಂದಿದ್ದು ನೀವು!"

ಗಂಟೆಗಳ ಸದ್ದು ಬಂತು. ಅತಿಥಿಗಳ ಜಾರುಬಂಡಿಗಳು. ಬೂದು ಕುದುರೆಗಳು ಹೆಜ್ಜೆ ತಪ್ಪದೆ ಬರುತ್ತಿದ್ದವು. ಹೊಗೆಯ ವಾಸನೆ ಬಡಿದದ್ದೇ ಮುಂದಿನ ಕುದುರೆ ನೆಗೆಯಿತು, ಹಿಂದಿನದೂ ನೆಗೆಯಿತು. ಸಾರಥಿಗಳು ಬೈಯುತ್ತಾ ಲಗಾಮು ಜಗ್ಗಿದರು. ತುಪ್ಪಳದ ಗಂಡಸರು, ತುಪ್ಪಳದ ಹೆಂಗಸರು ಇಳಿದರು. ಕೈತುಂಬ ಕೆಂಪು ಹೂವು. ಕರಿಕಲ್ಲು ಕಂಡ ಕೂಡಲೇ, ಏನೂ ಯೋಚಿಸದೆ, ಪದ್ಧತಿಯಂತೆ ಟೋಪಿ ತೆಗೆದರು. ಆಮೇಲೆ ಗುಂಡಿ ಕಂಡಿತು. ಪೆಟ್ಟಿಗೆ ಕಂಡಿತು. ಮಸಿಮುಖದ ನಾವು ಕಂಡೆವು.

"ಇದೇನು, ನಾಟಕವೇ?" ಎಂದು ನರಿತುಪ್ಪಳದ ಒಬ್ಬಳು ಖುಷಿಯಿಂದ ಕೇಳಿದಳು. "ಹಳೇ ಕಾಲದ್ದು ಆಡಿ ತೋರಿಸ್ತಾರಾ?"

"ಸಣ್ಣ ಅಡಚಣೆ," ಎಂದ ಎದುವಾರ್ದ್ ವಲೆರ್ಯಾನೊವಿಚ್. "ನಮ್ಮ ಹಳೇ ಕೆಲಸದಾಕೆ ಒಬ್ಬಳು..." ಮುಂದಿನ ಮಾತು ಬರಲಿಲ್ಲ. ಮಾತಾಡುವುದು ನನ್ನ ಕೆಲಸವಾಗಿತ್ತಲ್ಲ.

ನಾನು ದಿನಾ ನಿಲ್ಲುವ ಜಾಗಕ್ಕೆ ಹೋಗಿ ನಿಂತೆ. ಕಲ್ಲಿನ ಎಡಕ್ಕೆ.

"ಕ್ರುತೋವೊ ಕುದುರೆ ಕೇಂದ್ರಕ್ಕೆ ಸ್ವಾಗತ," ಎಂದೆ. ಅಭ್ಯಾಸ. "ಈ ಕಲ್ಲಿನ ಕೆಳಗೆ ಗ್ರೋಮ್ಕಿ ಇಲ್ಲ. ಅವನನ್ನ ತೋಳ ತಿಂದವು. ಇಲ್ಲಿರೋದು ಸತ್ತ ಕುದುರೆಗೆ ತನ್ನ ಒಲೆಯ ಸೌದೆ ಕೊಡಲ್ಲ ಅಂದ ಒಬ್ಬ ಹೆಂಗಸು. ಅವಳನ್ನ ಲಾಯದಲ್ಲಿ ಕಟ್ಟಿ ಹೊಡೆದು ಕೊಂದರು. ನೀವು ಇಷ್ಟು ವರ್ಷ ಹೂವು ಇಟ್ಟಿದ್ದು ಅವಳಿಗೆ. ನಂಬದಿದ್ರೆ ಬಂದು ನೋಡಿ."

"ಬನ್ರಪ್ಪಾ," ಎಂದ ಕಪಿತೋನ್. "ಹೆದರ್ಬೇಡಿ. ಒದೆಯಲ್ಲ ಅವಳು."

ಇಬ್ಬರು ಬಂದು ಬಗ್ಗಿ ನೋಡಿದರು. ಹಿಂದೆ ಸರಿದರು. ನರಿತುಪ್ಪಳದವಳು ಹೂವನ್ನು ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಅಡಗಿಸಿಕೊಂಡಳು. ಟೋಪಿಗಳು ಕೈಯಲ್ಲೇ ಇದ್ದವು. ಕಿವಿಗಳು ಚಳಿಗೆ ಕೆಂಪಗಾಗುತ್ತಿದ್ದವು. ಹಾಕಿಕೊಳ್ಳಲು ಒಬ್ಬನಿಗೂ ಧೈರ್ಯವಿರಲಿಲ್ಲ.

ಹೆಂಗಸರು ಹಾದಿಯನ್ನು ಅಡ್ಡಹಾಯ್ದು ಬಂದರು. ಕಸೂತಿ ಬಟ್ಟೆಗಳ ಮೇಲೆ ಪೆಟ್ಟಿಗೆ ತೂಗುತ್ತಾ ಕೆಳಗಿಳಿಯಿತು. ತೈಸ್ಯಾಳ ಕೈ ಬಿಗಿದಿತ್ತು, ಕಪಿತೋನ್‌ನ ಸೊಂಟ ಲಟಕ್ಕೆಂದಿತು, ಬಿಡಲಿಲ್ಲ. ಅಜ್ಜಿ ಅವಳ ಪಕ್ಕಕ್ಕೆ ಹೋಗಿ ಮುಟ್ಟಿದಳು.

ಮಣ್ಣು ಹಿಡಿದೆ. ಅಂಗೈಯ ಗಾಯಕ್ಕೆ ಇದ್ದಿಲು ಉರಿಯಿತು.

"ಫೆವ್ರೋನ್ಯಾ," ಎಂದೆ, ಹಾದಿಯ ಆಚೆ ಲಾಯಗಳಿಗೂ ಕೇಳುವಂತೆ. "ಪೆಲಗೇಯಾ."

ಮಣ್ಣು ಹಾಕಿದೆ.